ಕ್ಯಾಂಟೀನ್ ಮುಚ್ಚಿ ಏಳು ತಿಂಗಳಾಯಿತು, ಬೆಳಗಾಗುವುದೇ ಬೇಡ ಅನಿಸುತ್ತದೆ

ಪ್ರಶ್ನೆ: ನನಗೆ 61 ವರ್ಷ. ಊರು ಉಡುಪಿ ಕಡೆ. 13ನೇ ವಯಸ್ಸಿಗೆ ಮುಂಬಯಿಗೆ ಬಂದು ಲಾಲ್‌ಬಾಗಿನ ಹೋಟೆಲೊಂದರಲ್ಲಿ ಗ್ಲಾಸು ತೊಳೆಯುವಲ್ಲಿಂದ ಶುರು ಮಾಡಿದವನು. ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ ಮುಗಿಸಿದೆ. 1982ರ ಮಿಲ್ ಮುಷ್ಕರದಲ್ಲಿ ನಮ್ಮ ಧಣಿಗಳ ಹೋಟೆಲ್ ಮುಚ್ಚಿತು, ಆಗಲೂ ಕುಗ್ಗಲಿಲ್ಲ. ಮುಂದೆ ಫೋರ್ಟಿನ ಒಂದು ಆಫೀಸಿನಲ್ಲಿ ಕ್ಯಾಂಟೀನ್ ಹಿಡಿದು 31 ವರ್ಷ ನಡೆಸಿದೆ. ಆಫೀಸು ಬೇರೆ ಕಡೆ ಹೋಯಿತು, ಕ್ಯಾಂಟೀನ್ ಮುಚ್ಚಿ ಏಳು ತಿಂಗಳಾಯಿತು. ಸಾಲ ಇಲ್ಲ, ಮೀರಾರೋಡಿನಲ್ಲಿ ಸ್ವಂತ ಫ್ಲ್ಯಾಟಿದೆ, ಮಕ್ಕಳಿಬ್ಬರೂ ನೆಲೆ ಕಂಡಿದ್ದಾರೆ. ಆದರೂ ಬೆಳಿಗ್ಗೆ ನಾಲ್ಕಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ, ಎದೆಯ ಮೇಲೆ ಕಲ್ಲು ಹೇರಿದ ಹಾಗೆ. ಸಂಜೆಗೆ ಸ್ವಲ್ಪ ಹಗುರ. ಊಟ ಸೇರುವುದಿಲ್ಲ, ಪ್ಯಾಂಟು ಸಡಿಲವಾಗಿದೆ. ಪೇಪರ್ ಹಿಡಿದರೆ ನಾಲ್ಕು ಸಾಲು ತಲೆಗೆ ಹೋಗುವುದಿಲ್ಲ. ಸಂಘದ ತಾಳಮದ್ದಳೆಗೂ ಹೋಗುತ್ತಿಲ್ಲ. ಮನೆಯವರ ಮೇಲೆ ಸುಮ್ಮಸುಮ್ಮನೆ ಸಿಟ್ಟು. ರಾತ್ರಿ ಎರಡು ಪೆಗ್ ಹಾಕಿದರೆ ಮಾತ್ರ ಕಣ್ಣು ಮುಚ್ಚುತ್ತದೆ. ಒಮ್ಮೊಮ್ಮೆ ಇನ್ನು ಯಾಕೆ ಇರಬೇಕು ಅನಿಸುತ್ತದೆ. ಅಣ್ಣ ಊರಲ್ಲಿ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದಾಗ ನಾಗನ ಕಡೆಯಿಂದ ದೋಷ ಕಂಡಿತಂತೆ. ಮಗಳು ಕೌನ್ಸೆಲಿಂಗಿಗೆ ಹೋಗೋಣ ಎನ್ನುತ್ತಾಳೆ. ಅಷ್ಟೆಲ್ಲ ತಡೆದುಕೊಂಡವನು ಈಗ ಯಾಕೆ ಹೀಗಾದೆ? ಯಾರದೋ ಎದುರು ಕೂತು ಮಾತಾಡಿದರೆ ಏನಾಗುತ್ತದೆ? ಇಲ್ಲಿಯದೆಲ್ಲ ಮಾರಿ ಊರಿಗೆ ಹೋಗಿಬಿಟ್ಟರೆ ಸರಿಹೋದೀತಾ? ದಯವಿಟ್ಟು ಹೆಸರು ಹಾಕಬೇಡಿ.

ಉತ್ತರ:

ನಮಸ್ಕಾರ. ನೀವು ಕೇಳಿದ ಪ್ರಶ್ನೆಗಳಿಗೆ ಬರುವ ಮೊದಲು, ಪತ್ರದ ನಡುವೆ ಒಂದೇ ಸಾಲಿನಲ್ಲಿ ಹೇಳಿ ದಾಟಿಬಿಟ್ಟ ಮಾತನ್ನು ಎತ್ತಿಕೊಳ್ಳುತ್ತೇನೆ. ‘ಇನ್ನು ಯಾಕೆ ಇರಬೇಕು’ ಎಂಬ ಯೋಚನೆ ಬಂದುಹೋಗುವುದು ಒಂದು. ಅದು ಗಟ್ಟಿಯಾಗಿ ಕೂತು, ಹೇಗೆ, ಯಾವಾಗ ಎಂದು ಮನಸ್ಸು ಲೆಕ್ಕ ಹಾಕತೊಡಗುವುದು ಇನ್ನೊಂದು. ನನ್ನೆದುರು ಕೂತಿದ್ದರೆ ನೇರವಾಗಿ ಕೇಳುತ್ತಿದ್ದೆ: ಸಾಯಬೇಕು ಅನಿಸಿದೆಯೇ? ಅದರ ಬಗ್ಗೆ ಏನಾದರೂ ತೀರ್ಮಾನ ಮಾಡಿಕೊಂಡಿದ್ದೀರಾ? ಹೀಗೆ ಕೇಳಿದರೆ ಇಲ್ಲದ ವಿಚಾರವನ್ನು ತಲೆಗೆ ಹಾಕಿದ ಹಾಗಾಗುತ್ತದೆ ಎಂದು ಮನೆಮಂದಿ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರಲ್ಲ ಎಂದು ಹೆಚ್ಚಿನವರಿಗೆ ಉಸಿರು ಬಂದಂತಾಗುತ್ತದೆ.

ಎರಡನೆಯ ಪ್ರಶ್ನೆಗೆ ನಿಮ್ಮ ಉತ್ತರ ಹೌದು ಎಂದಾದರೆ ಇದನ್ನು ಇಲ್ಲಿಗೇ ನಿಲ್ಲಿಸಿ, ಮಗಳಿಗೋ ಮನೆಯವರಿಗೋ ಈಗಲೇ ಹೇಳಿ. ಒಬ್ಬರೇ ಇರಬೇಡಿ. ಇವತ್ತೇ ಅವರ ಜೊತೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ನಡುರಾತ್ರಿ ಅಂಥ ಹೊತ್ತು ಬಂದರೆ 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆ. 2022ರ ಅಕ್ಟೋಬರ್ 10ರಂದು ಶುರುವಾದದ್ದು, ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಪೊಲೀಸು, ಕೇಸು ಎಂಬ ಹೆದರಿಕೆಯೂ ಬೇಡ. ಅಂಥ ಪ್ರಯತ್ನಕ್ಕೆ ಕೈಹಾಕಿದವರನ್ನು ಕೂಡ ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ.

ಯೋಚನೆ ಬಂದುಹೋಗುತ್ತದೆ ಅಷ್ಟೇ ಎಂದಾದರೂ ಅದನ್ನು ಒಬ್ಬರ ಕಿವಿಗೆ ಹಾಕಿ. ಮಗಳು ಕೌನ್ಸೆಲಿಂಗ್ ಮಾತೆತ್ತಿದ್ದಾಳೆ ಎಂದರೆ ಅವಳಿಗೆ ಅರ್ಧ ಗೊತ್ತಾಗಿದೆ ಎಂದೇ ಲೆಕ್ಕ.

ಇನ್ನು ನಿಮ್ಮ ಮೊದಲ ಪ್ರಶ್ನೆ. 1982ರಲ್ಲಿ ಆಗದ್ದು ಈಗ ಯಾಕೆ ಆಯಿತು? ಪತ್ರದಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಇದೇ. ಇದರೊಳಗೆ ನಾಚಿಕೆ ಇದೆ. ಆಗ ಗಂಡಸಾಗಿದ್ದೆ, ಈಗ ಸೋತೆ ಎಂಬ ಧ್ವನಿ ಇದೆ. ಅದು ಸರಿಯಲ್ಲ ಎಂದು ಬರೀ ಸಮಾಧಾನ ಹೇಳಿದರೆ ನಿಮ್ಮಂಥವರು ಒಪ್ಪುವುದಿಲ್ಲ. ಹಾಗಾಗಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ.

ಆ ವರ್ಷ ಜನವರಿ 18ಕ್ಕೆ ಮುಷ್ಕರ ಶುರುವಾದಾಗ ನಿಮಗೆ ಹದಿನೆಂಟರ ಆಸುಪಾಸು. ಸುಮಾರು ಎರಡೂವರೆ ಲಕ್ಷ ಮಿಲ್ ಕಾರ್ಮಿಕರು ಕೆಲಸ ಬಿಟ್ಟು ನಿಂತರು. ಅವರನ್ನೇ ನಂಬಿದ್ದ ಖಾನಾವಳಿ, ಚಾ ಅಂಗಡಿ, ಹೋಟೆಲುಗಳೂ ಒಣಗಿದವು. ಬೀದಿಗೆ ಬಿದ್ದದ್ದು ನೀವೊಬ್ಬರೇ ಅಲ್ಲ, ಮಿಲ್ಲುಗಳ ಸೀಮೆಯಾದ ಇಡೀ ಗಿರಣಗಾವ್ ಬಿದ್ದಿತ್ತು. ಯಾರೂ ನಿಮ್ಮನ್ನು ‘ಈಗ ಏನು ಮಾಡ್ತಾ ಇದ್ದೀರಿ’ ಎಂದು ಕೇಳುವ ಪರಿಸ್ಥಿತಿ ಇರಲಿಲ್ಲ, ಎಲ್ಲರದೂ ಅದೇ ಪಾಡು. ರಾತ್ರಿ ಮಲಗುವಾಗ ಆಚೆ ಈಚೆ ನಿಮ್ಮ ಹಾಗೇ ಊರು ಬಿಟ್ಟು ಬಂದ ಹುಡುಗರು ಇದ್ದಿರಬೇಕು, ತುಳುವಿನಲ್ಲಿ ಬೈಯುತ್ತ ನಗುತ್ತ ಇದ್ದವರು. ಊರಿಗೆ ಮನಿಯಾರ್ಡರ್ ಕಳಿಸಬೇಕಿತ್ತು. ಅಳುವುದಕ್ಕೆ ಪುರುಸೊತ್ತೇ ಇರಲಿಲ್ಲ, ಮರುದಿನ ಇನ್ನೊಂದು ಹೋಟೆಲಿನ ಬಾಗಿಲಲ್ಲಿ ನಿಲ್ಲಬೇಕಿತ್ತು. ಆಗ ಹೋದದ್ದು ಒಂದು ಕೆಲಸ ಮಾತ್ರ. ನೀವು ಯಾರಾಗಬೇಕು ಎಂಬುದು ಮುಂದೆಯೇ ಇತ್ತು.

ಈಗ ಹೋದದ್ದನ್ನು ಎಣಿಸಿ. ಗಲ್ಲಾ ಹೋಯಿತು. ‘ಅಣ್ಣಾ’ ಎಂದು ದಿನಕ್ಕೆ ನೂರು ಸಲ ಕರೆಯುತ್ತಿದ್ದವರು ಹೋದರು. ಯಾವ ಸಾಹೇಬರಿಗೆ ಸಕ್ಕರೆ ಕಮ್ಮಿ, ಯಾವ ಪ್ಯೂನಿನ ಮಗಳ ಮದುವೆ ಎಂದು ನಿಮಗೆ ಗೊತ್ತಿದ್ದದ್ದು ಇನ್ನು ಯಾರಿಗೂ ಬೇಕಾಗಿಲ್ಲ. ಹಿಟ್ಟು ಎಷ್ಟು ರುಬ್ಬಬೇಕು, ಮಳೆ ಬಂದು ಲೋಕಲ್ ನಿಂತರೆ ಎಷ್ಟು ವಡೆ ಉಳಿಯುತ್ತದೆ ಎಂದು ಕಣ್ಣಳತೆಯಲ್ಲೇ ಹೇಳುತ್ತಿದ್ದ ಬುದ್ಧಿಗೆ ಕೆಲಸವಿಲ್ಲ. ನಿಮ್ಮ ಕೈಕೆಳಗೆ ದುಡಿದ ಭಟ್ಟರು, ಹುಡುಗರು ಚದುರಿಹೋದರು. ಬೆಳಿಗ್ಗೆ ಯಾವ ಗಾಡಿ, ಯಾವ ಡಬ್ಬಿ, ಯಾರ ಪಕ್ಕ ಎಂಬುದೂ ಹೋಯಿತು. ಇಷ್ಟು ಹೋದದ್ದು ಒಂದೇ ದಿನದಲ್ಲಿ, ಆದರೆ ಯಾರೂ ಸತ್ತಿಲ್ಲವಾದ್ದರಿಂದ ಯಾರೂ ಮಾತಾಡಿಸಲು ಬರಲಿಲ್ಲ. ಬಂದವರು ‘ಬಿಡಿ, ಇನ್ನು ಆರಾಮಾಗಿರಿ’ ಎಂದರು. ದುಃಖವನ್ನು ದುಃಖ ಎಂದು ಕರೆಯಲೂ ನಿಮಗೆ ಅವಕಾಶ ಸಿಗಲಿಲ್ಲ. ಸುತ್ತ ಹುಡುಗರಿಲ್ಲ, ಮರುದಿನ ನಿಲ್ಲಬೇಕಾದ ಬಾಗಿಲಿಲ್ಲ. ಹದಿಮೂರರ ವಯಸ್ಸಿನಿಂದ ದುಡಿಮೆಯ ಕೆಳಗೆ ಅದುಮಿಟ್ಟ ಎಷ್ಟೋ ಸಂಕಟಗಳಿಗೂ ಈಗಲೇ ಬಿಡುವು ಸಿಕ್ಕಿರಬಹುದು. ನೀವು ಬಲಹೀನರಾದಿರಿ ಎಂದು ಇದಕ್ಕೆ ಅರ್ಥವಲ್ಲ. ಹೊರೆ ಬೇರೆ, ಹೊರಲು ಜೊತೆಗಿದ್ದ ಮಂದಿಯೂ ಈಗ ಇಲ್ಲ.

ಆದರೆ ಇದು ಬರೀ ದುಃಖವೋ, ಅದನ್ನು ದಾಟಿ ಖಿನ್ನತೆಯ ಕಾಯಿಲೆಯೋ? ಪತ್ರ ಓದಿ ಕಾಯಿಲೆಯ ಹೆಸರು ಹೇಳುವುದು ನಮ್ಮ ವೃತ್ತಿಗೆ ಸಲ್ಲದು. ದೊಡ್ಡ ಬದಲಾವಣೆ ಆದ ಮೇಲೆ ಮೊದಲ ಮೂರು ತಿಂಗಳೊಳಗೆ ಮನಸ್ಸು ಕದಡಿ, ಕಾಲ ಕಳೆದ ಹಾಗೆ ತಾನಾಗಿ ತಿಳಿಯಾಗುವುದು ಎಷ್ಟೋ ಜನರಿಗೆ ಆಗುತ್ತದೆ. ನಿಮ್ಮ ವಿಷಯದಲ್ಲಿ ಏಳು ತಿಂಗಳಾಗಿದೆ, ತಿಳಿಯಾಗುವ ಬದಲು ಗಟ್ಟಿಯಾಗುತ್ತಿದೆ. ಹೊತ್ತಿಗೆ ಮುಂಚೆ ಎಚ್ಚರ, ಬೆಳಿಗ್ಗೆ ಅತಿ ಭಾರ ಸಂಜೆ ಹಗುರ, ಊಟ ಸೇರದೆ ತೂಕ ಇಳಿಯುವುದು, ಓದಿದ್ದು ತಲೆಗೆ ಹೋಗದಿರುವುದು, ಇಷ್ಟದ ತಾಳಮದ್ದಳೆಯೂ ಬೇಡವಾಗುವುದು. ಇಂಥವು ಎರಡು ವಾರ ಬಿಡದೆ ಇದ್ದರೇ ನಾವು ಖಿನ್ನತೆ ಇರಬಹುದೆಂದು ಪರೀಕ್ಷಿಸುತ್ತೇವೆ. ಗಂಡಸರಲ್ಲಿ ಅದು ಕಣ್ಣೀರಾಗಿ ಕಾಣುವುದಕ್ಕಿಂತ ಸಿಟ್ಟಾಗಿ, ಕುಡಿತವಾಗಿ ಕಾಣುವುದೇ ಹೆಚ್ಚು. ಆದ್ದರಿಂದ ನನ್ನ ಮಾತು ಸ್ಪಷ್ಟ: ಬರೀ ಕೌನ್ಸೆಲಿಂಗಲ್ಲ, ಮೊದಲು ಒಬ್ಬ ಮನೋವೈದ್ಯರಿಗೆ ತೋರಿಸಿ, ಈ ವಾರವೇ.

ನಾಲ್ಕು ಗಂಟೆಯ ಎಚ್ಚರದ ಬಗ್ಗೆ ಒಂದು ವಿಷಯ. 31 ವರ್ಷ ಮೊದಲ ಲೋಕಲ್ಲುಗಳನ್ನು ಹಿಡಿದವರ ಮೈ ನಾಲ್ಕಕ್ಕೆ ಏಳುವುದು ಅರ್ಧ ಅಭ್ಯಾಸ. ಆಗ ಎದ್ದ ಕೂಡಲೇ ಕಾಲು ನೆಲಕ್ಕೆ ತಾಗುತ್ತಿತ್ತು, ಈಗ ಎದ್ದು ಮಲಗಿಯೇ ಇರುತ್ತೀರಿ, ಆ ಕತ್ತಲಲ್ಲಿ ಯೋಚನೆ ತಿರುಗತೊಡಗುತ್ತದೆ. ಎಚ್ಚರವಾಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹಾಸಿಗೆಯಲ್ಲಿ ಹೊರಳಬೇಡಿ. ಎದ್ದು ಬೇರೆ ಕೋಣೆಯಲ್ಲಿ ಮಂದ ಬೆಳಕಲ್ಲಿ ಕೂತುಕೊಳ್ಳಿ, ನಿದ್ದೆ ಬಂದರೆ ಮಾತ್ರ ಹಿಂದಿರುಗಿ. ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ಮಲಗುವ ರೂಢಿ ಹೊಸದಾಗಿ ಬಂದಿದ್ದರೆ ಅದನ್ನು ಬಿಡಿ.

ಎರಡು ಪೆಗ್ ನಿಮಗೆ ನಿದ್ದೆ ಕೊಡುತ್ತಿಲ್ಲ. ಕುಡಿದರೆ ಕಣ್ಣು ಬೇಗ ಮುಚ್ಚುತ್ತದೆ ನಿಜ, ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ಅದೇ ನಿದ್ದೆಯನ್ನು ಹರಿದುಹಾಕುತ್ತದೆ, ಮರುದಿನದ ಮನಸ್ಸನ್ನೂ ಇನ್ನಷ್ಟು ಕೆಳಕ್ಕೆ ಎಳೆಯುತ್ತದೆ. ಎಷ್ಟು ಕುಡಿಯುತ್ತೀರಿ ಎಂದು ಡಾಕ್ಟರಿಗೆ ಸರಿಯಾಗಿ ಹೇಳಿ. ನೀವು ಬರೆದದ್ದಕ್ಕಿಂತ ಹೆಚ್ಚಿದ್ದರೆ, ಬೆಳಿಗ್ಗೆ ಕೈ ನಡುಗುತ್ತಿದ್ದರೆ, ಒಮ್ಮೆಲೇ ನಿಲ್ಲಿಸುವುದು ಅಪಾಯ, ಅವರ ಸಲಹೆಯಂತೆ ಇಳಿಸಬೇಕು. ಮತ್ತೊಂದನ್ನು ಕೈಮುಗಿದು ಹೇಳುತ್ತೇನೆ: ಪರಿಚಯದ ಮೆಡಿಕಲಿನಿಂದ ನಿದ್ದೆ ಮಾತ್ರೆ ತಂದು ನುಂಗಬೇಡಿ. ಆ ಮಾತ್ರೆಗಳಲ್ಲಿ ಹಲವು ಚಟ ಹಿಡಿಸುತ್ತವೆ, ಮದ್ಯದ ಜೊತೆ ಸೇರಿದರೆ ಪ್ರಾಣಕ್ಕೇ ಕುತ್ತು.

ಡಾಕ್ಟರು ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಸಕ್ಕರೆ ಪರೀಕ್ಷೆ ಬರೆದುಕೊಟ್ಟರೆ ಮಾಡಿಸಿ. ಥೈರಾಯ್ಡ್ ಕಮ್ಮಿಯಾದರೂ, ಬಿ12 ಕಮ್ಮಿಯಾದರೂ ಸುಸ್ತು, ಮಂಕು, ಮರೆವು ಹೀಗೇ ಕಾಣುತ್ತವೆ. ಖಿನ್ನತೆಗೆ ಮಾತ್ರೆ ಬೇಕೆಂದರೆ ಹೆದರಬೇಡಿ. ಅವು ನಿದ್ದೆ ಮಾತ್ರೆಗಳ ಹಾಗೆ ಚಟ ಹಿಡಿಸುವುದಿಲ್ಲ. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಬಹುದು. ಗುಣ ಕಂಡಿತೆಂದು ನೀವಾಗಿ ನಿಲ್ಲಿಸಬಾರದು, ಗುಣವಾದ ಮೇಲೂ ಕೆಲವು ತಿಂಗಳು ಮುಂದುವರಿಸಿ ನಿಧಾನವಾಗಿ ಇಳಿಸುತ್ತಾರೆ.

ಈಗ ‘ಯಾರದೋ ಎದುರು ಕೂತು ಮಾತಾಡಿದರೆ ಏನಾಗುತ್ತದೆ’ ಎಂಬುದಕ್ಕೆ ಬರುತ್ತೇನೆ. ಮೊದಲ ದಿನ ಏನಾಗುತ್ತದೆಂದು ಹೇಳಿಬಿಟ್ಟರೆ ಅರ್ಧ ಅಳುಕು ಹೋದೀತು. ಒಂದು ಸಾದಾ ಕೋಣೆ, ಎರಡು ಕುರ್ಚಿ, ಮುಕ್ಕಾಲು ಗಂಟೆಯ ಹೊತ್ತು. ಮಂಚದ ಮೇಲೆ ಮಲಗಿಸುವುದು, ಕಣ್ಣು ಮುಚ್ಚಿಸುವುದು ಏನೂ ಇಲ್ಲ. ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಕೊಡಬಹುದು, ಅದು ಕನ್ನಡದಲ್ಲೂ ಇದೆ. ಕಳೆದ ಎರಡು ವಾರಗಳಲ್ಲಿ ನಿದ್ದೆ, ಹಸಿವು, ಆಸಕ್ತಿ, ಸಾವಿನ ಯೋಚನೆ ಎಷ್ಟು ದಿನ ಹೇಗಿತ್ತು ಎಂದು ಸೊನ್ನೆಯಿಂದ ಮೂರರವರೆಗೆ ಗುರುತು ಹಾಕುವುದು. ಆಮೇಲೆ ಕೆಲಸ, ಮನೆ, ಆರೋಗ್ಯ, ಕುಡಿತ ಎಲ್ಲವನ್ನೂ ಕೇಳುತ್ತಾರೆ. ಹೇಳಲು ಮನಸ್ಸಿಲ್ಲದ್ದನ್ನು ‘ಇವತ್ತು ಬೇಡ’ ಎನ್ನಬಹುದು. ಮಾತು ಹೊರಡದೆ ಸುಮ್ಮನೆ ಕೂತರೂ ಪರವಾಗಿಲ್ಲ. ಬಾಲ್ಯದ ಕತೆಯನ್ನೆಲ್ಲ ಅಗೆಯಬೇಕಾಗಿಲ್ಲ. ಆದರೆ ಹದಿಮೂರನೇ ವಯಸ್ಸಿಗೆ ತಾಯಿಯನ್ನು ಬಿಟ್ಟು ಬಂದ ಹುಡುಗನ ಮಾತು ಎಂದಾದರೂ ಬಂದರೆ ಅದಕ್ಕೂ ಅಲ್ಲಿ ಜಾಗ ಇರುತ್ತದೆ.

ಅಲ್ಲಿ ಉಪದೇಶ ಕೊಡುವುದಿಲ್ಲ, ಕೊಟ್ಟರೆ ಬೇರೆಯವರನ್ನು ನೋಡಿ. ಒಳ್ಳೆಯ ಚಿಕಿತ್ಸಕರು ನಿಮ್ಮ ದಿನವನ್ನು ನಿಮ್ಮ ಜೊತೆ ಕೂತು ಬಿಡಿಸಿ ನೋಡುತ್ತಾರೆ, ಒಂದು ವಾರಕ್ಕೆ ಮಾಡಬಹುದಾದ ಸಣ್ಣ ಕೆಲಸ ಒಪ್ಪಿಸುತ್ತಾರೆ, ಮುಂದಿನ ವಾರ ಅದರ ಲೆಕ್ಕ ಕೇಳುತ್ತಾರೆ. ನಿಮಗೆ ಹಿಡಿಸಿದ ಭಾಷೆಯಲ್ಲೇ ಮಾತಾಡಬೇಕೆಂದು ಹಟ ಹಿಡಿಯಿರಿ. ಗಿರಾಕಿಯ ಜೊತೆ ಹಿಂದಿಯಲ್ಲಿ ವ್ಯಾಪಾರ ಮಾಡಿದವರಿಗೂ ಸಂಕಟ ಹೇಳಲು ಕನ್ನಡವೋ ತುಳುವೋ ಬೇಕಾಗುತ್ತದೆ. ಹತ್ತಿರದಲ್ಲಿ ಸಿಗದಿದ್ದರೆ ಉಡುಪಿ, ಮಂಗಳೂರಿನವರ ಜೊತೆ ವೀಡಿಯೊ ಕಾಲ್ ಆಗಬಹುದು.

ಸಂಘದವರಿಗೆ ಗೊತ್ತಾದರೆ? ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿ ಉಳಿಯುವುದು ಅದೇ 2017ರ ಕಾಯ್ದೆ ಕೊಟ್ಟ ಹಕ್ಕು. ಜೀವಕ್ಕೆ ಅಪಾಯ ಇದ್ದಾಗ ಮನೆಯವರಿಗೆ ಹೇಳುವುದು ಇಂಥ ಕೆಲವೇ ಸಂದರ್ಭಗಳು ಹೊರತು. ಯಾರ ಹತ್ತಿರ ಹೋಗಬೇಕು ಎಂಬುದಕ್ಕೆ ಒಂದು ಎಚ್ಚರ: ಮಾತ್ರೆ ಬರೆಯುವವರು ಎಂಬಿಬಿಎಸ್ ಮೇಲೆ ಮನೋವೈದ್ಯಶಾಸ್ತ್ರ ಓದಿದವರು. ಮಾತಿನ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟುಗಳಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ, ಸಂಕೋಚವಿಲ್ಲದೆ ಕೇಳಿ. ನಾಲ್ಕು ದಿನದ ಕೋರ್ಸ್ ಮಾಡಿ ಬೋರ್ಡು ಹಾಕಿದವರೂ ಈ ಊರಲ್ಲಿ ಬೇಕಾದಷ್ಟಿದ್ದಾರೆ. ಖಾಸಗಿಯಲ್ಲಿ ಒಂದು ಸಲಕ್ಕೆ ಸಾವಿರ, ಎರಡು ಸಾವಿರ, ಕೆಲವೆಡೆ ಅದಕ್ಕೂ ಹೆಚ್ಚು ತೆಗೆದುಕೊಳ್ಳುತ್ತಾರೆ. ಅದು ಬೇಡವೆಂದರೆ ಮುಂಬಯಿ ಸೆಂಟ್ರಲ್ ಹತ್ತಿರದ ನಾಯರ್, ಪರೇಲಿನ ಕೆಇಎಂ, ಸಾಯನ್ ಆಸ್ಪತ್ರೆಗಳಲ್ಲಿ ಕೇಸ್ ಪೇಪರಿನ ಸಣ್ಣ ಖರ್ಚಿನಲ್ಲಿ ಮನೋವೈದ್ಯರು ಸಿಗುತ್ತಾರೆ. ಸಾಲು ಉದ್ದ, ಬೆಳಿಗ್ಗೆ ಬೇಗ ಹೋಗಿ. ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 2012ರಿಂದ ಐಕಾಲ್ ಎಂಬ ಫೋನ್ ಆಪ್ತಸಮಾಲೋಚನೆ ನಡೆಸುತ್ತಿದೆ.

ಆದರೆ ಡಾಕ್ಟರ ಅಪಾಯಿಂಟ್‌ಮೆಂಟಿಗೆ ಕಾಯದೆ ನಾಳೆಯಿಂದಲೇ ಶುರು ಮಾಡಬಹುದಾದ್ದು ಒಂದಿದೆ. ನಾನು ಮುಖ್ಯವಾಗಿ ಹೇಳಬೇಕೆಂದಿರುವುದೂ ಅದನ್ನೇ. ಮನಸ್ಸು ಸರಿಹೋಗಲಿ, ಆಮೇಲೆ ಹೊರಗೆ ಹೋಗುತ್ತೇನೆ, ಆಮೇಲೆ ಜನರನ್ನು ನೋಡುತ್ತೇನೆ ಎಂದು ನೀವು ಕಾಯುತ್ತಿದ್ದೀರಿ. ಒಲೆ ಹಚ್ಚದೆ ನೀರು ಕುದಿಯಲಿ ಎಂದು ಕಾದ ಹಾಗೆ ಅದು. ಖಿನ್ನತೆಯಲ್ಲಿ ಕೆಲಸ ಮುಂದೆ ಹೋಗಬೇಕು, ಮನಸ್ಸು ಅದರ ಬೆನ್ನಿಗೆ ಬರುತ್ತದೆ. ಏನೂ ಮಾಡದೆ ಕೂತರೆ ಖುಷಿ ಸಿಗುವ, ಕೈಲಾಯಿತು ಅನಿಸುವ ಸಂದರ್ಭಗಳೇ ಕಮ್ಮಿಯಾಗುತ್ತವೆ, ಅದರಿಂದ ಮನಸ್ಸು ಇನ್ನೂ ಕುಸಿಯುತ್ತದೆ, ಕುಸಿದಷ್ಟೂ ಇನ್ನೂ ಕೂರುತ್ತೇವೆ. ಈ ಸುತ್ತನ್ನು ಕೆಲಸದ ಕಡೆಯಿಂದ ಕಡಿಯುವುದು ಸುಲಭ, ಯೋಚನೆಯ ಕಡೆಯಿಂದ ಕಷ್ಟ.

ಇದು ನನ್ನ ಒಬ್ಬಳ ಅಭಿಪ್ರಾಯವಲ್ಲ. ನೆರೆಯ ಗೋವೆಯಲ್ಲಿ ಸಂಗಾತ್ ಎಂಬ ಸಂಸ್ಥೆ, ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಜೊತೆಗಾರರು ಇದನ್ನೇ ಇಟ್ಟುಕೊಂಡು ಒಂದು ಚಿಕಿತ್ಸೆ ಕಟ್ಟಿದರು. ಕೊಟ್ಟವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸ್ಥಳೀಯ ಸಾಮಾನ್ಯರು. ಜಾಗ, ಪ್ರಾಥಮಿಕ ಆರೋಗ್ಯ ಕೇಂದ್ರ. ಆರರಿಂದ ಎಂಟು ಭೇಟಿ. ತೀವ್ರ ಖಿನ್ನತೆ ಇದ್ದ ಸುಮಾರು 500 ಜನರನ್ನು ಎರಡು ಗುಂಪು ಮಾಡಿ ನೋಡಿದಾಗ, ಮೂರು ತಿಂಗಳ ಹೊತ್ತಿಗೆ ಈ ಚಿಕಿತ್ಸೆಯೂ ಸಿಕ್ಕವರಲ್ಲಿ ನೂರಕ್ಕೆ 64 ಜನ ಖಿನ್ನತೆಯಿಂದ ಹೊರಬಂದಿದ್ದರು. ಮಾಮೂಲಿ ಚಿಕಿತ್ಸೆ ಮಾತ್ರ ಸಿಕ್ಕವರಲ್ಲಿ 39 ಜನ. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಬಂತು. ಕುಡಿತ ಹೆಚ್ಚಿದ ಗಂಡಸರಿಗೂ ಇಂಥದೇ ಕಿರು ಚಿಕಿತ್ಸೆಯೊಂದನ್ನು ಅಲ್ಲೇ ಪರೀಕ್ಷಿಸಿದರು. ನಮ್ಮ ಕರಾವಳಿಯಂಥದೇ ಊರು, ನಮ್ಮಂಥದೇ ಜನ. ಆದ್ದರಿಂದಲೇ ನಿಮಗೆ ಇದನ್ನು ಧೈರ್ಯವಾಗಿ ಹೇಳುತ್ತಿದ್ದೇನೆ.

ಕ್ಯಾಂಟೀನಿನಲ್ಲಿ ಉದ್ರಿ ಬರೆಯುತ್ತಿದ್ದಂಥ ಉದ್ದನೆಯ ಪುಸ್ತಕವೊಂದು ಮನೆಯಲ್ಲಿ ಇದ್ದೇ ಇರುತ್ತದೆ. ಒಂದು ವಾರ ಏನನ್ನೂ ಬದಲಿಸಬೇಡಿ, ಬರೆಯಿರಿ ಅಷ್ಟೇ: ಹೊತ್ತು, ಮಾಡಿದ್ದು, ಆಗಿನ ಮನಸ್ಸಿಗೆ ಹತ್ತರಲ್ಲಿ ಎಷ್ಟು ಅಂಕ. ‘4.10 ಎಚ್ಚರ, ಮಲಗಿಯೇ ಇದ್ದೆ, 1. 7.00 ಹಾಲು ತರಲು ಕೆಳಗೆ ಹೋದೆ, ವಾಚ್‌ಮನ್ ಮಾತಾಡಿಸಿದ, 3. 11.00 ಟಿವಿ, 2. 5.30 ಮಗ ಫೋನ್ ಮಾಡಿದ, 4.’ ಹೀಗೆ. ವಾರ ಕಳೆದ ಮೇಲೆ ಪುಟ ತಿರುಗಿಸಿದರೆ ದಿನವಿಡೀ ಒಂದೇ ತರ ಇರಲಿಲ್ಲ ಎಂಬುದು ಕಾಣುತ್ತದೆ. ಒಂದಂಕ ಏರಿದ್ದೆಲ್ಲಿ ಎಂದು ಹುಡುಕಿ. ಅದು ಸಾಮಾನ್ಯವಾಗಿ ಜನ ಇದ್ದಲ್ಲಿ, ಕಾಲು ಆಡಿದಲ್ಲಿ, ಕೈಗೆ ಕೆಲಸ ಇದ್ದಲ್ಲಿ ಏರಿರುತ್ತದೆ.

ಎರಡನೇ ವಾರ ಹಿಂದಿನ ರಾತ್ರಿಯೇ ನಾಳೆಯ ಎರಡು ಕೆಲಸ ಬರೆದಿಡಿ. ಗಂಟೆ ಹಾಕಿ ಬರೆಯಿರಿ, ‘ಆದರೆ ಮಾಡೋಣ’ ಎಂದಲ್ಲ. ಒಂದು ಮೈಗೆ, ಒಂದು ಮಂದಿಗೆ. ಬೆಳಕು ಹರಿದ ಕೂಡಲೇ ಇಪ್ಪತ್ತು ನಿಮಿಷ ನಡಿಗೆ. ಹಳೆಯ ಭಟ್ಟರಿಗೆ ಒಂದು ಫೋನ್: ಎಲ್ಲಿದ್ದೀರಿ, ಕೆಲಸ ಸಿಕ್ಕಿತಾ? ಮನಸ್ಸಿಲ್ಲದಿದ್ದರೂ ಬರೆದದ್ದನ್ನು ಮಾಡಿ, ಮಾಡಿದ ಮೇಲೆ ಅಂಕ ಹಾಕಿ. ಅಂಕ ಏರದ ದಿನವೂ ಇರುತ್ತದೆ, ಆ ದಿನ ಮಾಡಿದ್ದು ವ್ಯರ್ಥವಲ್ಲ. ತಾಳಮದ್ದಳೆಗೆ ಅರ್ಥ ಹೇಳಲು ಹೋಗಬೇಡಿ, ಹಿಂದಿನ ಸಾಲಲ್ಲಿ ಕೂತು ಅರ್ಧ ಗಂಟೆ ಕೇಳಿ ಎದ್ದು ಬನ್ನಿ. ಯಾರಾದರೂ ‘ಈಗ ಏನು ಮಾಡ್ತೀರಿ’ ಎಂದರೆ ಕೊಡುವ ಉತ್ತರವನ್ನು ಮನೆಯಲ್ಲೇ ತಯಾರು ಮಾಡಿಟ್ಟುಕೊಳ್ಳಿ: ‘ಕ್ಯಾಂಟೀನ್ ಬಿಟ್ಟೆ, ಮುಂದಿನದನ್ನು ನೋಡ್ತಾ ಇದ್ದೇನೆ.’ ಅಷ್ಟು ಸಾಕು. ಮೂರು ನಾಲ್ಕು ವಾರ ಕಳೆದ ಮೇಲೆ ನಿಮ್ಮ ಕೈಚಳಕಕ್ಕೆ ಹೊಂದುವ ದೊಡ್ಡದೇನಾದರೂ ನೋಡಬಹುದು. ಭಜನಾ ಮಂಡಳಿಯ ಅನ್ನದಾನಕ್ಕೆ ಲೆಕ್ಕ ಹಾಕುವವರು ಬೇಕು, ಹೊಸದಾಗಿ ಹೋಟೆಲ್ ಹಾಕುವ ಹುಡುಗರಿಗೆ ಸರಕು ಎಲ್ಲಿ ಅಗ್ಗ ಎಂದು ಹೇಳುವವರು ಬೇಕು. ಈಗಲೇ ಹಟಕ್ಕೆ ಬಿದ್ದು ಇನ್ನೊಂದು ಕ್ಯಾಂಟೀನ್ ಕಾಂಟ್ರಾಕ್ಟಿಗೆ ಡಿಪಾಸಿಟ್ ಮಾತ್ರ ಕಟ್ಟಬೇಡಿ.

ಮನೆಯವರ ಮೇಲಿನ ಸಿಟ್ಟಿನ ಬಗ್ಗೆ ನೀವು ಹೆಚ್ಚು ಬರೆದಿಲ್ಲ. ನಾನು ಊಹಿಸಬಲ್ಲೆ. ಇಷ್ಟು ವರ್ಷ ಬೆಳಿಗ್ಗೆಯಿಂದ ರಾತ್ರಿಯವರೆಗೆ ಆ ಮನೆ ಅವರದಾಗಿತ್ತು. ಈಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಗ್ಗರಣೆ ಹೆಚ್ಚಾಯಿತು, ಗ್ಯಾಸು ದಂಡವಾಯಿತು ಎಂದು ಹೇಳುವ ಒಬ್ಬರು ಬಂದಿದ್ದಾರೆ. ನೀವು ಅಡುಗೆ ಬಲ್ಲವರು, ಹೇಳುವುದು ಸರಿಯೂ ಇರಬಹುದು, ಆದರೂ ಅವರಿಗೂ ಇದು ಬದಲಾವಣೆಯೇ. ಭಾನುವಾರದ ಬೆಳಗಿನ ತಿಂಡಿಯನ್ನು ಪೂರ್ತಿ ನಿಮ್ಮದು ಮಾಡಿಕೊಳ್ಳಿ, ಪಾತ್ರೆ ತೊಳೆಯುವುದೂ ಸೇರಿ. ಉಳಿದ ದಿನ ಆ ಕೋಣೆಯ ಮಾತು ಅವರದು. ಸಿಟ್ಟು ಬಂದು ಹೋದ ಮೇಲೆ ‘ನಿನ್ನಿಂದ ಅಲ್ಲ, ನನಗೇ ಒಳಗೆ ಸರಿ ಇಲ್ಲ’ ಎಂದು ಒಂದು ಸಲ ಹೇಳಿ ನೋಡಿ.

ಅಣ್ಣ ಇಡಿಸಿದ ಪ್ರಶ್ನೆಯ ಮಾತು. ನಾಗನಿಗೆ ತಂಬಿಲದ ಪೂಜೆ ಮಾಡಿಸಿದರೆ ಸಮಾಧಾನವಾಗುತ್ತದೆಂದರೆ ಮಾಡಿಸಿ, ಊರಿನ ಮನೆಯವರೆಲ್ಲ ಸೇರುವುದೂ ಒಳ್ಳೆಯದೇ. ಆದರೆ ಅದು ಮುಗಿಯಲಿ, ಆಮೇಲೆ ಡಾಕ್ಟರು ಎಂದು ಮುಂದೂಡಬೇಡಿ, ಸಾಲ ಮಾಡಿ ದೊಡ್ಡ ಖರ್ಚಿಗೆ ಇಳಿಯಬೇಡಿ. ಎರಡೂ ಜೊತೆಜೊತೆಗೆ ಆಗಲಿ.

ಕೊನೆಯದಾಗಿ, ಮಾರಿ ಊರಿಗೆ ಹೋಗುವುದು. ಈಗ ಬೇಡ. ಊರು ಬೇಡ ಎನ್ನುತ್ತಿಲ್ಲ, ಈ ಮನಸ್ಸಿನಲ್ಲಿ ಫ್ಲ್ಯಾಟ್ ಮಾರುವುದು ಬೇಡ ಎನ್ನುತ್ತಿದ್ದೇನೆ. ಖಿನ್ನತೆಯಲ್ಲಿದ್ದಾಗ ಇರುವ ಜಾಗವೇ ತಪ್ಪು, ಬೇರೆಲ್ಲೋ ಎಲ್ಲ ಸರಿ ಇದೆ ಅನಿಸುವುದು ಸಹಜ. ಮೀರಾರೋಡಿನಲ್ಲಿ ಒಮ್ಮೆ ಮಾರಿದ ಮನೆಯನ್ನು ಅದೇ ದುಡ್ಡಿಗೆ ಮತ್ತೆ ಕೊಳ್ಳಲಾಗುವುದಿಲ್ಲ. ಗುಣವಾದ ಮೇಲೆ, ಕಡಿಮೆಯೆಂದರೆ ಆರು ತಿಂಗಳು ಬಿಟ್ಟು ತೀರ್ಮಾನ ಮಾಡಿ. ಅಷ್ಟರಲ್ಲಿ ಒಂದು ಸಲ ಇಬ್ಬರೂ ಮತ್ಸ್ಯಗಂಧ ರೈಲು ಹತ್ತಿ ಹೋಗಿ ಒಂದು ತಿಂಗಳು ಇದ್ದು ಬನ್ನಿ. ಕೋಲ, ಜಾತ್ರೆ, ಮದುವೆಗಳ ದಿನಗಳಲ್ಲಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಹೋಗಿ. ಎಡೆಬಿಡದ ಮಳೆ, ಕೈಕೊಡುವ ಕರೆಂಟು, ಅಂಗಳದಲ್ಲಿ ಪಾಚಿ, ಮಾತಿಗೆ ಯಾರೂ ಇಲ್ಲ. ಆ ಊರು ನಿಮಗೆ ಆಗುತ್ತದೆಯೇ ನೋಡಿ. ನೀವು ಬಿಟ್ಟು ಬಂದ ಹುಡುಗರು ಅಲ್ಲಿಲ್ಲ, ಅರ್ಧ ಜನ ನಿಮ್ಮ ಹಾಗೇ ಮುಂಬಯಿಗೋ ಗಲ್ಫಿಗೋ ಹೋದವರು. ಮಂಡಿನೋವಿಗೆ, ಬಿಪಿಗೆ ಡಾಕ್ಟರು ಎಷ್ಟು ದೂರ ಎಂದು ವಿಚಾರಿಸಿ. ಎಲ್ಲಕ್ಕಿಂತ ಮೊದಲು ಮನೆಯವರನ್ನು ಕೇಳಿ. ಅವರ ಗೆಳತಿಯರು, ಮಹಿಳಾ ಮಂಡಳಿ ಇರುವುದು ಮೀರಾರೋಡಿನಲ್ಲಿ. ಅಷ್ಟೆಲ್ಲ ನೋಡಿದ ಮೇಲೂ ಇಬ್ಬರಿಗೂ ಊರೇ ಬೇಕೆನಿಸಿದರೆ ಸಂತೋಷದಿಂದ ಹೋಗಿ, ಆಗಲೂ ಮೊದಲ ವರ್ಷ ಫ್ಲ್ಯಾಟನ್ನು ಬಾಡಿಗೆಗೆ ಕೊಡಿ.

ಇದನ್ನು ಮಗಳಿಗೂ ಓದಲು ಕೊಡಿ. ಮಗಳೇ, ಅಪ್ಪನನ್ನು ‘ಖುಷಿಯಾಗಿರಿ, ಯೋಗ ಮಾಡಿ’ ಎಂದು ಹುರಿದುಂಬಿಸುವುದು ಈಗ ಬೇಡ. ಅಪಾಯಿಂಟ್‌ಮೆಂಟ್ ನೀವೇ ತೆಗೆದುಕೊಳ್ಳಿ, ಜೊತೆಗೆ ಹೋಗಿ, ಒಳಗೆ ಅವರು ಒಬ್ಬರೇ ಮಾತಾಡಲು ಬಿಡಿ. ಅವರು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ, ಹಳೆಯ ರಿಪೋರ್ಟುಗಳು ಚೀಲದಲ್ಲಿರಲಿ. ಸಾವಿನ ಯೋಚನೆಯ ಬಗ್ಗೆ ಡಾಕ್ಟರ ಎದುರು ಅಪ್ಪ ಹೇಳದೆ ಹೋದರೆ, ನೀವು ಹೇಳಿ.